ನಾಳೆಯ ಎಣಿಕೆ

ಮದುವೆಯ ಹಿಂದಿನ ದಿನ ಸಂಜೆ, ಛತ್ರದ ಉಗ್ರಾಣದ ಬಾಗಿಲಲ್ಲಿ ನಿಂತು ಅಡಿಗೆಯ ಭಟ್ಟರು ಹೆಣ್ಣಿನ ತಂದೆಯನ್ನು ವಿಚಾರಿಸುವ ರೀತಿಯನ್ನು ಗಮನವಿಟ್ಟು ಕೇಳಿದವರಿಗೆ, ಭವಿಷ್ಯಜ್ಞಾನವೆಂಬುದು ಜ್ಯೋತಿಷಿಗಳ ಸೊತ್ತು ಮಾತ್ರವೇ ಅಲ್ಲವೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. "ಎಷ್ಟು ಎಲೆ ಬೀಳಬಹುದು, ರಾಯರೆ?" ಎಂಬುದು ಮೊದಲನೆಯ ಪ್ರಶ್ನೆ. "ಐನೂರಕ್ಕೆ ಕಡಮೆಯಿಲ್ಲ, ಭಟ್ಟರೆ" ಎಂಬ ಉತ್ತರಕ್ಕೆ ಭಟ್ಟರು ತಲೆಯಾಡಿಸುತ್ತಾರೆಯೇ ಹೊರತು ಅದನ್ನು ಹಾಗೆಯೇ ಒಪ್ಪಿಕೊಳ್ಳುವುದಿಲ್ಲ. ಧಾರೆ ಎಷ್ಟು ಗಂಟೆಗೆ? ಅದೇ ಮುಹೂರ್ತಕ್ಕೆ ಊರಿನಲ್ಲಿ ಇನ್ನೆಷ್ಟು ಮದುವೆಗಳಿವೆ? ಗಂಡಿನ ಕಡೆಯವರು ಬಸ್ಸು ಮಾಡಿಕೊಂಡು ಒಟ್ಟಿಗೆ ಬರುವವರೋ, ರೈಲಿಗೆ ಬಂದು ರೈಲಿಗೆ ಹೊರಡುವವರೋ? ಕಚೇರಿಯ ಸ್ನೇಹಿತರು ಊಟಕ್ಕೆ ನಿಲ್ಲುವ ಪೈಕಿಯೋ, ಅಕ್ಷತೆ ಹಾಕಿ ಹೊರಟುಬಿಡುವ ಪೈಕಿಯೋ? ಆರತಕ್ಷತೆ ಶನಿವಾರದ ರಾತ್ರಿಯೆಂದ ಮೇಲೆ ಒಪ್ಪತ್ತು ಮಾಡುವ ಹಿರಿಯರು ಎಷ್ಟು ಮಂದಿ?

ಇಷ್ಟೆಲ್ಲವನ್ನೂ ಕೇಳಿ, ಒಂದು ಗಳಿಗೆ ಸುಮ್ಮನಿದ್ದು, "ನಾನೂರಿಪ್ಪತ್ತು ಎಲೆಗೆ ಹಿಡಿಯೋಣ" ಎಂದು ಅವರು ನಿಶ್ಚಯಿಸುತ್ತಾರೆ. ಆದರೆ ತಮ್ಮ ನಿಶ್ಚಯವನ್ನೇ ಪೂರ್ತಿಯಾಗಿ ನೆಚ್ಚಿಕೊಂಡು ಕುಳಿತುಕೊಳ್ಳುವವರೂ ಅಲ್ಲ. ಹೋಳಿಗೆಗೆ ಕಣಕವನ್ನೂ ಹೂರಣವನ್ನೂ ಮುಂಚಿತವಾಗಿ ಸಿದ್ಧಮಾಡಿಕೊಳ್ಳಬೇಕಾದುದರಿಂದ ಅದರ ಲೆಕ್ಕವೊಂದನ್ನು ಆಗಲೇ ಕಟ್ಟುತ್ತಾರೆ. ಅನ್ನದ ಮಾತು ಬೇರೆ. ಮೊದಲನೆಯ ಪಂಕ್ತಿಗೆ ಬೇಕಾದಷ್ಟನ್ನು ಇಳಿಸಿಟ್ಟು, ಇನ್ನೊಂದು ಪಾತ್ರೆಯಲ್ಲಿ ಎಸರು ಕುದಿಯುತ್ತಲೇ ಇರುವಂತೆ ಏರ್ಪಡಿಸಿ, ಎಲೆಗಳ ಮುಂದೆ ಜನ ಕೂರುವ ರಭಸವನ್ನು ನೋಡಿಕೊಂಡು ಮುಂದಿನ ಅಕ್ಕಿಯನ್ನು ಹಾಕಿಸುತ್ತಾರೆ. ಸಾರನ್ನು ಹೊತ್ತಿಗೆ ತಕ್ಕಂತೆ ಹಿಗ್ಗಿಸಬಹುದು, ಹೋಳಿಗೆಯನ್ನು ಹಿಗ್ಗಿಸಲಾಗದು; ಯಾವ ಪದಾರ್ಥದ ವಿಷಯದಲ್ಲಿ ಮುಂಚೆಯೇ ಬದ್ಧರಾಗಬೇಕು, ಯಾವುದರಲ್ಲಿ ಕಡೆಯ ಗಳಿಗೆಯವರೆಗೂ ಕೈಯನ್ನು ಸಡಿಲವಾಗಿ ಇಟ್ಟುಕೊಳ್ಳಬಹುದು ಎಂಬ ಈ ವಿವೇಕವೇ ಅವರ ವಿದ್ಯೆಯ ಸಾರವೆಂದು ನನಗೆ ತೋರುತ್ತದೆ.

ಬರಲಿರುವ ಅತಿಥಿಗಳಲ್ಲಿ ಬಹುತೇಕರ ಮುಖವನ್ನು ಭಟ್ಟರು ಕಂಡವರಲ್ಲ. ಇಂಥವರು ಬರುತ್ತಾರೆ, ಇಂಥವರು ಬರುವುದಿಲ್ಲ ಎಂದು ಹೆಸರು ಹಿಡಿದು ಹೇಳೆಂದರೆ ಅವರಿಂದ ಒಂದು ಹೆಸರೂ ಬಾರದು. ಆದರೂ ರೈಲಿಗೆ ಹೋಗುವವರು, ಒಪ್ಪತ್ತಿನವರು, ಕಚೇರಿಯವರು, ಕೈಮಕ್ಕಳ ತಾಯಂದಿರು ಎಂಬ ಬಗೆಬಗೆಯ ಜನರು ಇಂಥ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂಬುದು ಅವರಿಗೆ ಚೆನ್ನಾಗಿ ಗೊತ್ತು. ವ್ಯಕ್ತಿಗಳ ವಿಷಯದಲ್ಲಿ ಏನನ್ನೂ ಅರಿಯದೆ, ಅಂಥ ಬಗೆಗಳ ಜಾಡನ್ನು ಮಾತ್ರ ಅರಿತು, ಅಷ್ಟರಿಂದಲೇ ನಾಳೆಯ ಮಧ್ಯಾಹ್ನದ ಒಂದು ಚಿತ್ರವನ್ನು ಇಂದಿನ ಸಂಜೆಗೆ ತಂದುಕೊಳ್ಳುವ ಈ ಶಕ್ತಿ ನಮ್ಮೆಲ್ಲರಲ್ಲಿಯೂ ಹೆಚ್ಚು ಕಡಮೆ ಇದ್ದೇ ಇರತಕ್ಕದ್ದು. ಅದಿಲ್ಲದೆ ಒಂದು ದಿನದ ಸಂಸಾರವೂ ಸಾಗಲಾರದು.

ಈ ದಿನಬಳಕೆಯ ಮುಂದರಿವನ್ನು ಗಂಭೀರವಾದ ವಿಚಾರಕ್ಕೆ ಎತ್ತಿಕೊಂಡ ಪಂಡಿತರಲ್ಲಿ ಆಲ್‌ಫ್ರೆಡ್ ಶುಟ್ಸ್ ಎಂಬಾತನು ಅಗ್ರಗಣ್ಯನು. 1899ರಲ್ಲಿ ವಿಯೆನ್ನಾ ನಗರದಲ್ಲಿ ಜನಿಸಿದ ಈತನು ಹಗಲೆಲ್ಲ ಬ್ಯಾಂಕಿನ ಉದ್ಯೋಗವನ್ನು ನಿರ್ವಹಿಸುತ್ತ, ಉಳಿದ ಹೊತ್ತಿನಲ್ಲಿ ಸಮಾಜಜೀವನದ ತತ್ತ್ವವನ್ನು ಕುರಿತು ಚಿಂತನೆ ಮಾಡುತ್ತ, 1932ರಲ್ಲಿ ತನ್ನ ಮುಖ್ಯ ಗ್ರಂಥವನ್ನು ಹೊರತಂದನು. ಹಿಟ್ಲರನ ಸೈನ್ಯವು ಆಸ್ಟ್ರಿಯವನ್ನು ಆಕ್ರಮಿಸಿದ ಮೇಲೆ ದೇಶಭ್ರಷ್ಟನಾಗಿ 1939ರಲ್ಲಿ ನ್ಯೂಯಾರ್ಕನ್ನು ಸೇರಿದನು. ಅಲ್ಲಿಯೂ ಅದೇ ಉಭಯಜೀವನವನ್ನು ನಡಸಿ 1959ರಲ್ಲಿ ತೀರಿಕೊಂಡನು. ಅದೇ ವರ್ಷ ಅಚ್ಚಾದ ಆತನ ಪ್ರಬಂಧವೊಂದರ ಹೆಸರಿನಲ್ಲಿ ಗ್ರೀಕ್ ಪುರಾಣದ ಟೈರೀಸಿಯಸ್ ಬರುತ್ತಾನೆ. ಈ ಟೈರೀಸಿಯಸ್ ಕಣ್ಣಿಲ್ಲದವನು. ಕಣ್ಣಿಗೆ ಬದಲಾಗಿ ದೇವತೆಗಳಿಂದ ಭವಿಷ್ಯದರ್ಶನದ ವರವನ್ನು ಪಡೆದವನು. ಮುಂದಾಗುವುದನ್ನು ಆಗುವ ಹಾಗೆಯೇ ಕಾಣಬಲ್ಲ ಅಂಥವನ ಅರಿವಿಗೂ, ಅಂಥ ಯಾವ ವರವೂ ಇಲ್ಲದ ನಮ್ಮ ಅರಿವಿಗೂ ಇರುವ ಭೇದವೇನೆಂಬುದು ಶುಟ್ಸನ ಪ್ರಶ್ನೆ. ಟೈರೀಸಿಯಸ್ ಕಂಡುದನ್ನು ಆತನು ತಡೆಯಲಾರ, ತಿದ್ದಲಾರ. ತನ್ನ ಅನುಭವದಿಂದ ಅದನ್ನು ಊಹಿಸಿದವನೂ ಅಲ್ಲ. ಆದಕಾರಣ ಆತನು ಭವಿಷ್ಯದ ಕೇವಲ ಪ್ರೇಕ್ಷಕ. ನಮಗಾದರೋ ಭವಿಷ್ಯವು ಕಾಣುವುದೇ ಇಲ್ಲ. ಹಿಂದಿನ ಅನುಭವಗಳಿಂದ ಕೂಡಿಟ್ಟುಕೊಂಡ ಒಂದು ಬುತ್ತಿಯಿದೆ, ಅಷ್ಟೆ. ಆದರೆ ಆ ಭವಿಷ್ಯವನ್ನು ಆಗಮಾಡುವುದರಲ್ಲಿ ನಮ್ಮದೂ ಒಂದು ಕೈಯಿದೆ.

ಶುಟ್ಸನು ಕೊಡುವ ಒಂದು ಉದಾಹರಣೆ ಅತ್ಯಂತ ಸರಳವಾದುದು. ಕಾಗದವನ್ನು ಅಂಚೆಯ ಪೆಟ್ಟಿಗೆಗೆ ಹಾಕುವವನು, ತಾನು ಎಂದೂ ಕಂಡರಿಯದ, ಅಂಚೆಯವರೆಂಬ ಜನರು ತಮ್ಮ ವಾಡಿಕೆಯಂತೆ ನಡೆದುಕೊಂಡು ಅದನ್ನು ವಿಳಾಸಕ್ಕೆ ಮುಟ್ಟಿಸುತ್ತಾರೆಂದು ಎಣಿಸುತ್ತಾನೆ. ಎಣಿಸುತ್ತಾನೆಂದು ಹೇಳುವುದೂ ಹೆಚ್ಚೇ. ಆ ವಿಚಾರವು ಅವನ ಮನಸ್ಸಿನಲ್ಲಿ ಸುಳಿಯುವುದೇ ಇಲ್ಲ. ಈ ನಂಬಿಕೆಯ ತಳದಲ್ಲಿ ಎರಡು ಭಾವನೆಗಳಿವೆಯೆಂದು ಶುಟ್ಸನು, ತನಗೆ ಗುರುಸಮಾನನಾಗಿದ್ದ ಹುಸರ್ಲ್‌ನನ್ನು ಅನುಸರಿಸಿ, ತೋರಿಸಿಕೊಡುತ್ತಾನೆ: ಇದುವರೆಗೆ ನಡೆದುಕೊಂಡು ಬಂದಂತೆಯೇ ಮುಂದೆಯೂ ನಡೆಯುತ್ತದೆ ಎಂಬುದೊಂದು, ಹಿಂದೆ ಮಾಡಿದುದನ್ನು ನಾನು ಮತ್ತೊಮ್ಮೆ ಮಾಡಬಲ್ಲೆ ಎಂಬುದು ಇನ್ನೊಂದು. ಯಾವ ಕೆಲಸವನ್ನು ಯೋಜಿಸುವಾಗಲೂ ಅದು ಆಗಲೇ ಮುಗಿದುಹೋಗಿದೆಯೆಂಬಂತೆ ಕಲ್ಪಿಸಿಕೊಂಡು ಅಲ್ಲಿಂದ ಹಿಂದಕ್ಕೆ ಹೆಜ್ಜೆಗಳನ್ನು ಎಣಿಸುತ್ತೇವೆಂಬುದೂ ಆತನ ಇನ್ನೊಂದು ಸೂಕ್ಷ್ಮವಾದ ಮಾತು. ಕಡೆಯ ಪಂಕ್ತಿ ಎದ್ದು ಕೈತೊಳೆಯುತ್ತಿರುವುದನ್ನು ಮೊದಲು ಕಂಡುಕೊಂಡ ಮೇಲೆಯೇ ಅಲ್ಲವೆ ಭಟ್ಟರು ಬೆಳಗಿನ ಜಾವ ಒಲೆ ಹೊತ್ತಿಸಬೇಕಾದ ಹೊತ್ತನ್ನು ಗೊತ್ತುಮಾಡುವುದು? ಆದರೆ ನಡೆದುದು ಎಣಿಸಿದುದರ ಪಡಿಯಚ್ಚಾಗಿ ಎಂದೂ ಇರುವುದಿಲ್ಲ. ನಮ್ಮ ಎಣಿಕೆಯಲ್ಲಿ ಖಾಲಿ ಜಾಗಗಳಿರುತ್ತವೆ. ಅವನ್ನು ತುಂಬುವುದು ನಡೆಯುವ ಸಂಗತಿಯ ಕೆಲಸ.

ಈ ಮುಂದರಿವು ನಾಳೆ ನಾಡಿದ್ದಿನ ವಿಷಯಕ್ಕೆ ಮಾತ್ರ ಸಂಬಂಧಿಸಿದುದೆಂದು ತಿಳಿಯಲಾಗದು. ಇಬ್ಬರು ಮಾತನಾಡುವಾಗ ಒಬ್ಬನ ಮಾತು ಮುಗಿದು ಇನ್ನೊಬ್ಬನ ಮಾತು ಪ್ರಾರಂಭವಾಗುವುದರ ನಡುವಣ ಬಿಡುವನ್ನು ವಿದ್ವಾಂಸರು ಹತ್ತು ಭಾಷೆಗಳಲ್ಲಿ ಅಳೆದು 2009ರಲ್ಲಿ ಪ್ರಕಟಿಸಿದರು; ಭಾಷೆ ಭಾಷೆಗೆ ಸ್ವಲ್ಪ ವ್ಯತ್ಯಾಸವಿದ್ದರೂ ಆ ಬಿಡುವು ಸುಮಾರಾಗಿ ಒಂದು ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ. ಒಂದೇ ಒಂದು ಪದವನ್ನು ನೆನೆದು ನಾಲಗೆಗೆ ತಂದುಕೊಳ್ಳಲು ಅದರ ಮೂರರಷ್ಟು ಹೊತ್ತು ಬೇಕಾಗುತ್ತದೆಯೆಂಬುದು ಬೇರೆ ಪ್ರಯೋಗಗಳಿಂದ ಸಿದ್ಧವಾಗಿದೆ. ಅಂದರೆ ಎದುರಿನವನ ಮಾತು ಮುಗಿಯುವುದಕ್ಕೆ ಮುಂಚೆಯೇ ಅದು ಎಲ್ಲಿ ಮುಗಿಯುತ್ತದೆಂಬುದನ್ನು ಕಂಡುಕೊಂಡು ನಮ್ಮ ಉತ್ತರವನ್ನು ಕಟ್ಟಿಕೊಳ್ಳುತ್ತಿರುತ್ತೇವೆಂದಾಯಿತು. ಕನ್ನಡದಲ್ಲಿ ಈ ಕೆಲಸ ಇನ್ನೂ ಸೋಜಿಗದ್ದು. "ನಾಳೆ ಬೆಳಿಗ್ಗೆ ನೀವು ಅವರ ಮನೆಗೆ ಹೋಗ" ಎಂಬಲ್ಲಿಯವರೆಗೂ ಅದು ಅಪ್ಪಣೆಯೋ, ನಿಷೇಧವೋ, ಅನುಮತಿಯೋ ತಿಳಿಯದು. "ಬೇಕು", "ಬೇಡಿ", "ಬಹುದು" ಎಂಬ ಕಡೆಯ ತುಣುಕಿನ ಮೇಲೆ ಸಮಸ್ತವೂ ನಿಂತಿದೆ. ಹಾಗಿದ್ದರೂ ಆ ತುಣುಕು ಬಾಯಿಂದ ಹೊರಡುವ ಹೊತ್ತಿಗೆ ಕೇಳುವವರು ಮುಖದ ಭಾವದಿಂದ, ದನಿಯ ಏರಿಳಿತದಿಂದ, ಹೇಳುತ್ತಿರುವವರ ಸ್ವಭಾವದ ಪರಿಚಯದಿಂದ ಅದನ್ನು ಊಹಿಸಿಕೊಂಡು, ಒಪ್ಪಿಗೆಗೋ ಆಕ್ಷೇಪಣೆಗೋ ತುಟಿಯನ್ನು ಸಿದ್ಧಮಾಡಿಕೊಂಡಿರುತ್ತಾರೆ.

ಸಂಗೀತದಲ್ಲಿ ಇದು ಕಣ್ಣಿಗೆ ಕಾಣುವಂತಿದೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಚೇರಿ ನಡೆಯುತ್ತಿದೆ. ಮೃದಂಗದವರು ತನಿ ಆವರ್ತನವನ್ನು ಮುಗಿಸುವುದಕ್ಕೆ ಮುಕ್ತಾಯವನ್ನು ಎತ್ತಿಕೊಂಡಿದ್ದಾರೆ. ಒಂದು ಸಲ, ಎರಡು ಸಲ, ತಾಳಕ್ಕೆ ಅಡ್ಡಲಾಗಿ ಎಲ್ಲಿಯೋ ಹೊರಟುಹೋದಂತೆ ಕಾಣುವ ಆ ಜತಿ ಮೂರನೆಯ ಸಲದ ಕೊನೆಯಲ್ಲಿ, ಪಲ್ಲವಿಯ ಎಡುಪು ಎಲ್ಲಿಯೋ ಸರಿಯಾಗಿ ಅಲ್ಲಿಗೇ ಬಂದು ಇಳಿಯಬೇಕು. ತೊಡೆಯ ಮೇಲೆ ತಾಳ ಹಾಕಿಕೊಂಡು ಕುಳಿತಿರುವ ನೂರಾರು ಮಂದಿ ಅದನ್ನು ಎದುರುನೋಡುತ್ತಿದ್ದಾರೆ. ಅದು ಬಂದು ಇಳಿದ ಕ್ಷಣದಲ್ಲಿಯೇ ಗಾಯಕರು ಪಲ್ಲವಿಯನ್ನು ಎತ್ತಿಕೊಳ್ಳುತ್ತಾರೆ, ಪಿಟೀಲಿನವರ ಕಮಾನು ಚಲಿಸುತ್ತದೆ, ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತವೆ. ಯಾರೂ ಯಾರಿಗೂ ಸನ್ನೆ ಮಾಡಲಿಲ್ಲ. ಜೊತೆಗೂಡಿ ಸಂಗೀತ ಮಾಡುವುದನ್ನು ಕುರಿತೇ ಶುಟ್ಸನು 1951ರಲ್ಲಿ ಒಂದು ಪ್ರಬಂಧವನ್ನು ಬರೆದನು. ಒಬ್ಬರ ಒಳಗಿನ ಕಾಲದಲ್ಲಿ ಇನ್ನೊಬ್ಬರು ಪಾಲುಗೊಂಡು ಒಟ್ಟಿಗೆ ಸಾಗುವುದೇ ಸಕಲ ಸಾಮಾಜಿಕ ಸಂಬಂಧಗಳಿಗೂ ಮೂಲವೆಂಬುದು ಅದರ ಅಭಿಪ್ರಾಯ. ಇಲ್ಲಿ ಎಣಿಕೆ ನಿಜವಾದುದು ಊಹೆ ಸರಿಯಾಗಿದ್ದುದರಿಂದ ಮಾತ್ರವಲ್ಲ; ಸಭೆ ಎದುರುನೋಡುತ್ತಿದೆಯೆಂಬುದನ್ನು ಅರಿತ ವಿದ್ವಾಂಸರು ಅದನ್ನು ನಿಜಮಾಡಿಕೊಟ್ಟರು. ನಾನು ಹೇಳಬೇಕೆಂದಿರುವುದೂ ಮುಖ್ಯವಾಗಿ ಇದನ್ನೇ.

ಮಳೆಯು ಹೀಗೆ ನಮ್ಮ ಎಣಿಕೆಯನ್ನು ಮನ್ನಿಸುವಂಥದಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿಯೂ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಆಯಾ ನಕ್ಷತ್ರದ ಹೆಸರಿನ ಮಳೆಯೆಂದು ಕರೆದು, ಏಪ್ರಿಲಿನ ಕಡೆಯಲ್ಲಿ ಭರಣಿ, ಮೇ ತಿಂಗಳ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಮೊದಲ ಭಾಗದಲ್ಲಿ ಮೃಗಶಿರಾ, ಅದು ಕಳೆದರೆ ಆರಿದ್ರಾ ಎಂದು ಕಾಲವನ್ನು ವಿಭಾಗಿಸಿಕೊಂಡು, ಯಾವ ಮಳೆಗೆ ಯಾವ ಬಿತ್ತನೆ, ಯಾವ ಮಳೆ ತಪ್ಪಿದರೆ ಏನು ಗತಿ ಎಂಬುದನ್ನು ನಮ್ಮ ಒಕ್ಕಲುಮಕ್ಕಳು ಗಾದೆಗಳಲ್ಲಿ ಕಟ್ಟಿಟ್ಟುಕೊಂಡರು. ಯುಗಾದಿಯ ದಿನ ಬೇವುಬೆಲ್ಲವನ್ನು ತಿಂದು, ಸಂಜೆ ದೇವಸ್ಥಾನದ ಜಗಲಿಯಲ್ಲಿ ಕುಳಿತು ಪಂಚಾಂಗಶ್ರವಣ ಮಾಡುವಾಗ ಈ ವರ್ಷದ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿ ಯಾರು, ಮೇಘಾಧಿಪತಿ ಯಾರು ಎಂಬುದನ್ನು ಇಡೀ ಊರು ಕಿವಿಗೊಟ್ಟು ಕೇಳುತ್ತದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಕೂಗಿ, ನೆರೆದ ಸಹಸ್ರಾರು ಜನರ ಉಸಿರು ನಿಂತ ಮೌನದಲ್ಲಿ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಧುಮುಕುತ್ತಾನೆ. ಆ ಕಾರಣಿಕವು ಒಡೆದು ಹೇಳಿದ ಮಾತಲ್ಲ. ಅದನ್ನು ಹೊತ್ತುಕೊಂಡು ಊರಿಗೆ ಹಿಂದಿರುಗುವ ದಾರಿಯಲ್ಲಿ ಜೋಳದವರು ಜೋಳಕ್ಕೂ, ಹತ್ತಿಯವರು ಹತ್ತಿಗೂ, ರಾಜಕೀಯದವರು ರಾಜ್ಯದ ಅಧಿಕಾರಕ್ಕೂ ಅದನ್ನು ಅನ್ವಯಿಸಿಕೊಂಡು ಚರ್ಚಿಸುತ್ತಾರೆ.

ಈ ಶ್ರವಣಗಳಿಂದ ಮೋಡಗಳ ಗತಿ ತಿಳಿಯುವುದೆಂದು ನಾನು ವಾದಿಸುವವನಲ್ಲ. ಅದಕ್ಕೆ ಬೇರೆ ವಿದ್ಯೆ ಬೇಕಾಯಿತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾದ ಮರುವರ್ಷವೇ, ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಘೋರ ಕ್ಷಾಮವು ಆರಂಭವಾಗಿ ಅಸಂಖ್ಯಾತ ಜನರನ್ನು ಬಲಿತೆಗೆದುಕೊಂಡಿತು. ಮುಂಗಾರನ್ನು ಮುಂಚಿತವಾಗಿ ಅರಿಯಲೇಬೇಕೆಂಬ ಒತ್ತಾಯ ಅದರಿಂದ ಬಲವಾಯಿತು. ಇಲಾಖೆಯ ಮೊದಲ ಮುಖ್ಯಸ್ಥನಾದ ಬ್ಲಾನ್‌ಫರ್ಡ್ ಹಿಮಾಲಯದಲ್ಲಿ ಬಿದ್ದ ಹಿಮದ ಪ್ರಮಾಣವನ್ನು ಆಧರಿಸಿ 1886ರಿಂದ ಮುಂಗಾರಿನ ಮುನ್ಸೂಚನೆಯನ್ನು ಕ್ರಮವಾಗಿ ಹೊರಡಿಸತೊಡಗಿದನು. ಮಳೆಯ ವಿಷಯದಲ್ಲಿ ನಂಬತಕ್ಕದ್ದು ಈ ಮಾರ್ಗವನ್ನೇ. ಆದರೆ ದೇವಸ್ಥಾನದ ಜಗಲಿಯಲ್ಲಿ ನಡೆಯುವುದು ಬೇರೊಂದು ಕಾರ್ಯ. ಮುಂಬರುವ ವರ್ಷವನ್ನು ಊರವರೆಲ್ಲ ಒಂದೇ ಹೊತ್ತಿಗೆ, ಒಂದೇ ಮಾತಿನಲ್ಲಿ ಕೇಳುತ್ತಾರೆ; ಮಳೆ ಕಡಮೆಯಂತೆ ಎಂದು ಕೇಳಿದವನು ತಾನು ಮಾತ್ರವಲ್ಲ, ಪಕ್ಕದ ಹೊಲದವನೂ, ಸಾಲ ಕೊಡುವ ಸಾಹುಕಾರನೂ, ಬೀಜದ ಅಂಗಡಿಯವನೂ ಕೇಳಿದ್ದಾರೆಂಬುದು ಪ್ರತಿಯೊಬ್ಬನಿಗೂ ತಿಳಿದಿರುತ್ತದೆ. ಮಳೆಯನ್ನು ಕಟ್ಟಿಹಾಕಲಾಗದಿದ್ದರೂ, ಮಳೆ ಬಂದರೂ ಬಾರದಿದ್ದರೂ ಒಬ್ಬರನ್ನೊಬ್ಬರು ಹೇಗೆ ಕಾಣಬೇಕೆಂಬ ಮಾತುಕತೆ ಅಲ್ಲಿಂದ ಮೊದಲಾಗುತ್ತದೆ.

ಮನುಷ್ಯರ ವಿಷಯದಲ್ಲಿ ಎಣಿಕೆಯು ಎಣಿಸಲ್ಪಟ್ಟುದನ್ನೇ ಹುಟ್ಟಿಸಬಲ್ಲುದು, ಒಳಿತಿಗೂ ಕೆಡುಕಿಗೂ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬರೆದ ಲೇಖನವೊಂದರಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಒಂದು ಬ್ಯಾಂಕಿನ ಕಥೆ ಬರುತ್ತದೆ. ಬ್ಯಾಂಕು ಮುಳುಗುತ್ತದೆಯಂತೆ ಎಂಬ ಸುಳ್ಳು ಸುದ್ದಿ ಹಬ್ಬುತ್ತದೆ. ತಮ್ಮ ಹಣವನ್ನು ಉಳಿಸಿಕೊಳ್ಳುವುದಕ್ಕೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಸಂಜೆಯ ಹೊತ್ತಿಗೆ ಬ್ಯಾಂಕು ನಿಜವಾಗಿಯೂ ಮುಳುಗಿರುತ್ತದೆ. ನಮ್ಮ ದೇಶದಲ್ಲಿ 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕು ಮುಚ್ಚಿಹೋದಾಗ ಠೇವಣಿದಾರರಲ್ಲಿ ಹುಟ್ಟಿದ ದಿಗಿಲಿನ ಫಲವಾಗಿಯೇ ಠೇವಣಿ ವಿಮೆಯ ಸಂಸ್ಥೆ 1962ರ ಜನವರಿ 1ರಂದು ಕಾರ್ಯಾರಂಭ ಮಾಡಿತು. ಒಬ್ಬ ಠೇವಣಿದಾರನಿಗೆ ಅದು ಆಗ ಕೊಟ್ಟ ಭರವಸೆ 1,500 ರೂಪಾಯಿ. 2020ರಿಂದ ಈಚೆಗೆ ಅದು 5 ಲಕ್ಷ. ಆ ಹಣವನ್ನು ಕೊಡಬೇಕಾದ ಪ್ರಸಂಗ ಬಾರದಿರುವುದೇ ಆ ವಿಮೆಯ ದೊಡ್ಡ ಸಾಧನೆ. ಕೊಡುತ್ತಾರೆಂಬ ನಂಬಿಕೆಯಿದ್ದರೆ ಜನ ನುಗ್ಗುವುದಿಲ್ಲ, ನುಗ್ಗದಿದ್ದರೆ ಬ್ಯಾಂಕು ನಿಲ್ಲುತ್ತದೆ.

ಎಣಿಕೆ ತಪ್ಪಿದಾಗ ನಮಗಾಗುವುದು ಏನು? ಆಕಾಶ ತಪ್ಪಿದರೆ ದುಃಖ. ಮನುಷ್ಯ ತಪ್ಪಿದರೆ ಕೋಪ. ಈ ಭೇದವನ್ನು ಹೆರಾಲ್ಡ್ ಗಾರ್ಫಿಂಕೆಲ್ ಎಂಬ ಪ್ರಾಧ್ಯಾಪಕನು ಕ್ಯಾಲಿಫೋರ್ನಿಯದಲ್ಲಿ ತನ್ನ ವಿದ್ಯಾರ್ಥಿಗಳ ಮೂಲಕ ಎದ್ದುಕಾಣುವಂತೆ ಮಾಡಿದನು. ಶುಟ್ಸನ ಬರಹಗಳಿಂದ ಪ್ರಚೋದಿತನಾಗಿದ್ದ ಈತನು, ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬಾಡಿಗೆಗೆ ಬಂದ ಅಪರಿಚಿತರಂತೆ, ಬಹು ವಿನಯದಿಂದ, ಕೇಳಿದರೆ ಮಾತ್ರ ಉತ್ತರ ಕೊಡುತ್ತ ನಡೆದುಕೊಳ್ಳಬೇಕೆಂದು ವಿಧಿಸಿದನು. ಇದರ ವಿವರ 1967ರ ಆತನ ಗ್ರಂಥದಲ್ಲಿದೆ. ಯಾರಿಗೂ ಯಾವ ಅಪಚಾರವೂ ಆಗಲಿಲ್ಲ; ನಡೆದುದು ಕೇವಲ ಅತಿವಿನಯ. ಆದರೂ ಮನೆಯವರು ಮೊದಲು ಬೆರಗಾದರು, ಆಮೇಲೆ ಮಗನಿಗೆ ಮೈಯಲ್ಲಿ ಸರಿಯಿಲ್ಲವೋ ಎಂದು ಚಿಂತಿಸಿದರು, ಕಡೆಗೆ ರೇಗಿದರು. ನಮ್ಮ ಮನೆಯೊಂದರಲ್ಲಿ ಮಗನು ಅಡಿಗೆಮನೆಯ ಹೊಸಲಿನಾಚೆ ಕೈಕಟ್ಟಿ ನಿಂತು, "ಕುಡಿಯುವ ನೀರನ್ನು ತೆಗೆದುಕೊಳ್ಳಲು ತಮ್ಮ ಅಪ್ಪಣೆಯಿದೆಯೆ?" ಎಂದು ತಾಯಿಯನ್ನು ಕೇಳಿದರೆ ಆಕೆಗೆ ಎಂಥ ನೋವಾಗಬಹುದೆಂಬುದನ್ನು ಓದುಗರೇ ಊಹಿಸಬಹುದು. ಮಗನು ಕೇಳದೆ ನೀರು ಕುಡಿಯುತ್ತಾನೆಂಬುದು ತಾಯಿಯ ಊಹೆಯಷ್ಟೇ ಆಗಿರಲಿಲ್ಲ. ಅದು ಆಕೆಗೆ ಸಲ್ಲಬೇಕಾದ ಸಲುಗೆ. ಅವನು ತಪ್ಪಿಸಿದುದು ಅದನ್ನು.

ಹೀಗೆ ಒಬ್ಬರು ಎಣಿಸುವುದು ಇನ್ನೊಬ್ಬರು ಸಲ್ಲಿಸಬೇಕಾದ ಋಣವಾಗಿ ಪರಿಣಮಿಸುವ ಸಂಗತಿಯನ್ನು ನಮ್ಮ ನಾಡಿನ ಮುಯ್ಯಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಇನ್ನೆಲ್ಲಿಯೂ ನಾನು ಕಂಡಿಲ್ಲ. ಮದುವೆಯ ಮನೆಯಲ್ಲಿ, ಧಾರೆ ಮುಗಿದ ಮೇಲೆ, ಚಪ್ಪರದ ಒಂದು ಮಗ್ಗುಲಲ್ಲಿ ಅಕ್ಷರ ದುಂಡಗಿರುವ, ನಂಟರಿಷ್ಟರ ಗುರುತು ಚೆನ್ನಾಗಿರುವ ಒಬ್ಬ ಬಂಧುವು ಉದ್ದನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಪಕ್ಕದಲ್ಲಿ ಹಣದ ತಟ್ಟೆ. "ಬರೆದುಕೊಳ್ಳಪ್ಪ, ನಮ್ಮ ದೊಡ್ಡಪ್ಪನ ಹೆಸರಿನಲ್ಲಿ ಒಂದು, ನಮ್ಮ ಮನೆಯ ಹೆಸರಿನಲ್ಲಿ ಒಂದು" ಎಂದು ಹೇಳಿ ಬರೆಸಿದವರ ಊರು, ಹೆಸರು, ಮೊಬಲಗು ಎಲ್ಲವೂ ಸಾಲಾಗಿ ಅದರಲ್ಲಿ ಏರುತ್ತವೆ. ಮದುವೆಯ ಗಡಿಬಿಡಿ ಕಳೆದ ಮೇಲೆ ಪುಸ್ತಕವು ಪೆಟ್ಟಿಗೆಯ ತಳ ಸೇರುತ್ತದೆ. ಬರೆಸಿದವರಲ್ಲೊಬ್ಬರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಅದು ಹೊರಕ್ಕೆ ಬರುತ್ತದೆ. ಗಂಡಹೆಂಡಿರು ಕುಳಿತು ಆ ಹೆಸರನ್ನು ಹುಡುಕಿ, ಅವರು ಹಾಕಿದ್ದು ಇಷ್ಟು, ಈಗ ಕಾಲ ಹೀಗಿದೆ, ನಾವು ಹಾಕಬೇಕಾದುದು ಇಷ್ಟು ಎಂದು ತೀರ್ಮಾನಿಸುತ್ತಾರೆ. ಸರಿಯಾಗಿ ಅಷ್ಟನ್ನೇ ಹಿಂದಕ್ಕೆ ಹಾಕಿದರೆ ಲೆಕ್ಕ ಮುಗಿಸಿದಂತೆ ಕಾಣುತ್ತದೆಂದು ಸ್ವಲ್ಪ ಮೇಲಕ್ಕೆ ಹಾಕುವುದು ವಾಡಿಕೆ. ಹೀಗಾಗಿ ಋಣವು ತೀರಿದ ಗಳಿಗೆಯಲ್ಲಿಯೇ ಆ ಕಡೆಯಿಂದ ಈ ಕಡೆಗೆ ಮತ್ತೆ ಹುಟ್ಟುತ್ತದೆ. ತಂದೆ ತೀರಿಕೊಂಡರೂ ತಂದೆಯ ಮುಯ್ಯಿ ತೀರುವುದಿಲ್ಲ. ಹೊಲಗದ್ದೆಗಳಂತೆ ಅದೂ ಮಗನ ಪಾಲಿಗೆ ಬರುತ್ತದೆ.

ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸನು 1925ರಲ್ಲಿ ಪ್ರಕಟಿಸಿದ ದಾನವನ್ನು ಕುರಿತ ಪ್ರಬಂಧದಲ್ಲಿ, ಕೊಡಬೇಕು, ಕೊಟ್ಟುದನ್ನು ಸ್ವೀಕರಿಸಬೇಕು, ಸ್ವೀಕರಿಸಿದುದನ್ನು ಹಿಂದಿರುಗಿಸಬೇಕು ಎಂಬ ಮೂರು ಕಟ್ಟುಗಳನ್ನು ಲೋಕದ ನಾನಾ ಜನಾಂಗಗಳ ನಡವಳಿಕೆಯಿಂದ ಎತ್ತಿ ತೋರಿಸಿದನು. ಕೊಟ್ಟುದಕ್ಕೂ ಹಿಂದಿರುಗಿಸುವುದಕ್ಕೂ ನಡುವೆ ಕಾಲವು ಹರಿಯಲೇಬೇಕು, ಆ ಅಂತರವೇ ಕಾಣಿಕೆಗೂ ವ್ಯಾಪಾರಕ್ಕೂ ಇರುವ ಭೇದ ಎಂದು ಪಿಯರ್ ಬೂರ್ದ್ಯೂ ಎಂಬಾತನು ಅಲ್ಜೀರಿಯದ ಕಬೈಲ್ ಜನರ ನಡುವೆ ಇದ್ದು ಬಂದು ವಿವರಿಸಿದನು. ಮುಯ್ಯಿಯಲ್ಲಿ ಈ ಅಂತರವು ಕೆಲವೊಮ್ಮೆ ಇಪ್ಪತ್ತು ವರ್ಷ. ಇಂದು ತೊಟ್ಟಿಲಲ್ಲಿರುವ ಮಗಳ ಮದುವೆಗೆ ಎಂದೋ ಒಂದು ದಿನ ಹಣ ಒದಗಬೇಕು. ಇದ್ದ ಚೂರು ಹಣವನ್ನು ಮಡಕೆಯಲ್ಲಿ ಹೂತಿಡುವುದಕ್ಕೆ ಬದಲಾಗಿ ನೆರೆಹೊರೆಯ ಹತ್ತಾರು ಮದುವೆಗಳಲ್ಲಿ ಹಾಕಿರುವ ಬಡವನು, ತನ್ನ ಭವಿಷ್ಯವನ್ನು ಇತರರ ನೆನಪಿನಲ್ಲಿಯೂ ಮಾನದಲ್ಲಿಯೂ ಠೇವಣಿಯಿಟ್ಟಿದ್ದಾನೆ. ಯಾವ ಪತ್ರವೂ ಇಲ್ಲ, ಸಾಕ್ಷಿಯೂ ಇಲ್ಲ. ಅವನು ನಾಳೆಯನ್ನು ಬಲ್ಲವನಲ್ಲ. ನಾಳೆ ತನ್ನ ಚಪ್ಪರಕ್ಕೆ ಯಾರು ಬರಬೇಕೆಂಬುದನ್ನು ಬಲ್ಲವನು.

ಇದರ ಕ್ಲೇಶಗಳನ್ನು ಮರೆಮಾಚುವುದು ನ್ಯಾಯವಲ್ಲ. ಕೈಯಲ್ಲಿ ಕಾಸಿಲ್ಲದೆ, ಬಡ್ಡಿಗೆ ತಂದು ಮುಯ್ಯಿ ತೀರಿಸಿದವರುಂಟು. ಹಾಕಿದುದನ್ನು ಹಿಂದಿರುಗಿಸಲಿಲ್ಲವೆಂಬ ಮಾತು ಬೆಳೆದು ಬಾಂಧವ್ಯ ಮುರಿದುಹೋದ ಮನೆಗಳುಂಟು. ಎಲ್ಲಕ್ಕಿಂತ ಮಿಗಿಲಾಗಿ, ಮುಯ್ಯಿಯ ವರ್ತುಲವು ಜಾತಿಯ ವರ್ತುಲವನ್ನು ದಾಟಿದುದು ಅಪೂರ್ವ, ಆಚೆ ನಿಂತವನ ನಾಳೆಗೆ ಅದರಲ್ಲಿ ಸ್ಥಳವೇ ಇರಲಿಲ್ಲ. ಈಗ ಪಟ್ಟಣದ ಲಗ್ನಪತ್ರಿಕೆಗಳ ಅಡಿಯಲ್ಲಿ ಆಶೀರ್ವಾದವೇ ಉಡುಗೊರೆಯೆಂಬ ಒಂದು ಸಾಲು ಅಚ್ಚಾಗಿರುವುದನ್ನು ಕಾಣುತ್ತೇವೆ. ಬರುವವರಿಗೆ ಹೊರೆಯಾಗಬಾರದೆಂಬ ಸದುದ್ದೇಶ ಅದರಲ್ಲಿರುವುದು ನಿಜ. ಆದರೆ ಹೊರೆಯನ್ನು ಇಳಿಸಿದವನು ಹೊರೆಯಾಳನ್ನೂ ಬಿಟ್ಟುಕೊಟ್ಟಂತಾಯಿತು. ಮುಂದೆ ತನ್ನ ಕಷ್ಟಕ್ಕೆ ಅವನು ಬ್ಯಾಂಕಿನ ಸಾಲವನ್ನು, ವಿಮೆಯ ಪತ್ರವನ್ನು, ಗುತ್ತಿಗೆಯವನನ್ನು ಎದುರುನೋಡಬೇಕೇ ಹೊರತು ನೆಂಟನನ್ನಲ್ಲ. ಅನುಕೂಲವಂತನಿಗೆ ಇದರಿಂದ ನಷ್ಟವಿಲ್ಲ. ಬ್ಯಾಂಕು ಯಾರಿಗೆ ಸಾಲ ಕೊಡುವುದಿಲ್ಲವೋ ಅವನಿಗೆ ನಷ್ಟ.

ಹಣದ ಮುಯ್ಯಿಗಿಂತಲೂ ಪ್ರಾಚೀನವಾದುದು ಮೈಕೆಲಸದ ಮುಯ್ಯಿ. ಮಲೆನಾಡಿನ ನಾಟಿಯ ಕಾಲದಲ್ಲಿ, ಅಗೆಯ ಸಸಿ ಬಲಿತುಹೋಗುವುದಕ್ಕೆ ಮುಂಚೆ, ಗದ್ದೆಯಲ್ಲಿ ನೀರು ನಿಂತಿರುವ ಕೆಲವೇ ದಿನಗಳೊಳಗೆ ನಾಟಿ ಮುಗಿಯಬೇಕು. ಒಂದು ಮನೆಯ ನಾಲ್ಕು ಆಳುಗಳಿಂದ ಅದು ಆಗತಕ್ಕ ಕೆಲಸವಲ್ಲ. ಇಂದು ನನ್ನ ಗದ್ದೆಗೆ ನಿಮ್ಮ ಮನೆಯವರು, ನಾಡಿದ್ದು ನಿಮ್ಮ ಗದ್ದೆಗೆ ನಮ್ಮ ಮನೆಯವರು ಎಂಬ ಮುಯ್ಯಾಳಿನ ಕಟ್ಟಿನಿಂದ ಅದು ಸಾಧ್ಯವಾಗುತ್ತಿತ್ತು. ಹಾಗಾಗಬೇಕಾದರೆ ಎಲ್ಲರ ಗದ್ದೆಯೂ ಒಂದೇ ದಿನ ನಾಟಿಗೆ ಬರಕೂಡದು. ಆದಕಾರಣ ಅಗೆ ಹಾಕುವ ದಿನಗಳನ್ನೇ ನೆರೆಹೊರೆಯವರು ಒಬ್ಬರದು ಆದಮೇಲೆ ಒಬ್ಬರದೆಂಬಂತೆ ಹಿಂದುಮುಂದು ಮಾಡಿಕೊಳ್ಳುತ್ತಿದ್ದರು. ಬೀಜ ಮಣ್ಣಿಗೆ ಬೀಳುವ ದಿನವೇ, ಮೂರು ನಾಲ್ಕು ವಾರಗಳಾಚೆ ಯಾವ ಬೆಳಿಗ್ಗೆ ಯಾರು ಯಾರ ಗದ್ದೆಯಲ್ಲಿ ಬಾಗಿ ನಿಂತಿರುತ್ತಾರೆಂಬುದು ಹೆಚ್ಚು ಕಡಮೆ ಗೊತ್ತಾಗಿರುತ್ತಿತ್ತು. ಕೂಲಿಯ ಆಳುಗಳೂ ಯಂತ್ರಗಳೂ ಬಂದ ಮೇಲೆ ಈ ಪದ್ಧತಿ ಬಹುಮಟ್ಟಿಗೆ ಸಡಿಲಿತು.

ಪೂರ್ತಿಯಾಗಿ ಅಳಿಯಲಿಲ್ಲ. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಮೊದಲಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಈ ಹಳೆಯ ಕಟ್ಟನ್ನೇ ಹಿಡಿದು ಪ್ರಗತಿಬಂಧು ಗುಂಪುಗಳನ್ನು ಕಟ್ಟಿತು. ಆಳಿಗೆ ಕೂಲಿ ಕೊಡಲಾರದ ಸಣ್ಣ ಹಿಡುವಳಿಯ ರೈತರು ಐದರಿಂದ ಎಂಟು ಮಂದಿ ಕೂಡಿ ಒಂದು ಗುಂಪಾಗುತ್ತಾರೆ. ವಾರದಲ್ಲಿ ಒಂದು ದಿನ ಗುಂಪಿನವರೆಲ್ಲ ಒಬ್ಬನ ಜಮೀನಿನಲ್ಲಿ ದುಡಿಯುತ್ತಾರೆ, ಮುಂದಿನ ವಾರ ಇನ್ನೊಬ್ಬನದರಲ್ಲಿ. ಅದರ ಜೊತೆಗೆ ವಾರವಾರದ ಉಳಿತಾಯವೂ ಸೇರಿ, ಗುಂಪಿನ ಹೊಣೆಯ ಮೇಲೆ ಸಾಲವೂ ದೊರೆಯುತ್ತದೆ. ಬಾವಿ ತೋಡುವುದು, ಅಡಕೆಯ ಗುಂಡಿ ತೆಗೆಯುವುದು, ಮನೆಯ ಪಂಚಾಂಗ ಕಟ್ಟುವುದು, ಹೀಗೆ ಒಬ್ಬನ ಕೈಯಲ್ಲಾಗದ ಕೆಲಸಗಳನ್ನು ಸರದಿಯ ದಿನಕ್ಕೆಂದು ಕಾದಿರಿಸಿಕೊಳ್ಳುವುದುಂಟು. ಕಡೆಯ ಸರದಿಯವನು ಮೊದಲನೆಯ ವಾರ ಪರರ ತೋಟದಲ್ಲಿ ಗುದ್ದಲಿ ಎತ್ತುವಾಗ ಅವನ ತೋಟದಲ್ಲಿ ಇನ್ನೂ ಒಂದು ಗುಂಡಿಯೂ ಬಿದ್ದಿರುವುದಿಲ್ಲ. ಆದರೆ ಎಷ್ಟು ಗುಂಡಿಗಳು ಬೀಳಲಿವೆಯೆಂಬುದನ್ನು ಲೆಕ್ಕಹಾಕಿ, ಅಷ್ಟಕ್ಕೆ ಬೇಕಾದ ಸಸಿಗಳನ್ನು ಮನೆಯ ಹಿತ್ತಲಿನಲ್ಲಿ ಅವನು ಆಗಲೇ ಎಬ್ಬಿಸಿಕೊಂಡಿರಬಹುದು.